ಬಾಯಿಪಾಠದಕ್ಕ

ಷೂ ಕಾರ್ಖಾನೆಯಲ್ಲಿ ಅವಳದು ಹೊಲಿಗೆಯ ಕೆಲಸ. ಆದರೆ ಹನ್ನೊಂದು ವರ್ಷಗಳಲ್ಲಿ ಅವಳು ಹೆಸರು ಮಾಡಿದ್ದು ಕೈಯಿಂದಲ್ಲ, ಬಾಯಿಂದ. ಷೂ ಕೊಳ್ಳುವ ದೂರದ ಕಂಪನಿಯೊಂದು ವರ್ಷಕ್ಕೊಮ್ಮೆ ತಪಾಸಣೆಗೆ ಒಬ್ಬ ಮೇಡಂ ಅನ್ನು ಕಳಿಸುತ್ತಿತ್ತು. ತಾವು ಕೊಳ್ಳುವ ಮಾಲಿನ ಹಿಂದೆ ಯಾರ ಗೋಳೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೋಗುವುದು ಆಕೆಯ ಕೆಲಸ. ಆಕೆ ಬರುವುದಕ್ಕೆ ಒಂದು ವಾರ ಮೊದಲೇ ಮ್ಯಾನೇಜರ್ ಊಟದ ಹೊತ್ತಿನಲ್ಲಿ ಎಲ್ಲರನ್ನೂ ಇವಳ ಮುಂದೆ ಕೂರಿಸಿಬಿಡುತ್ತಿದ್ದ. ಇವಳು ಮೇಡಂ ಥರ ಪ್ರಶ್ನೆ ಕೇಳಿ ಉತ್ತರ ಬಾಯಿಪಾಠ ಮಾಡಿಸಬೇಕು.

"ಕಿಟಕಿ ದಿನಾ ತೆಗೀತಾರಾ?"

"ದಿನಾ ತೆಗೀತಾರೆ ಮೇಡಂ."

"ಮಾಸ್ಕ್ ಕೊಡ್ತಾರಾ?"

"ತಿಂಗಳಿಗೆ ನಾಲ್ಕು ಮೇಡಂ."

"ಏ, ಗಿಳಿ ಥರ ಪಟಪಟ ಅನ್ಬೇಡ್ವೇ. ಸ್ವಲ್ಪ ತಲೆ ಕೆರ್ಕೊ, ಜ್ಞಾಪಿಸ್ಕೊಂಡ ಹಾಗೆ ಮಾಡು."

ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಬಾಯಿಪಾಠದಕ್ಕ ಎಂಬ ಹೆಸರು ಹಾಗೆ ಬಂದದ್ದು.

ಕಲಿಸುತ್ತಿರುವುದು ಸುಳ್ಳೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆರ್ಡರ್ ಉಳಿದರೆ ನೂರಿಪ್ಪತ್ತು ಮನೆಗಳಲ್ಲಿ ಒಲೆ ಉರಿಯುತ್ತದೆ, ಒಂದು ಸುಳ್ಳಿಗೇನು ತಲೆ ಹೋಗುತ್ತದೆಯೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ತಲೆ ಹೋಗಲಿಲ್ಲ, ನಿಜ. ಹೋದದ್ದು ತಂಗಿಯ ಕಾಲು.

ತಂಗಿ ಅದೇ ಕಾರ್ಖಾನೆಯ ಅಂಟಿನ ಮೇಜಿನಲ್ಲಿದ್ದಳು. ಅಟ್ಟೆಗೆ ಬ್ರಷ್ಷಿನಿಂದ ಅಂಟು ಸವರಿ ಷೂವಿಗೆ ಒತ್ತಿ ಹಿಡಿಯಬೇಕು. ಧೂಳು ಕೂತರೆ ಅಂಟು ಹಿಡಿಯುವುದಿಲ್ಲವೆಂದು ಅಲ್ಲಿನ ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಒಂದು ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಅಕ್ಕನ ಕಣ್ಣು ತಂಗಿಯ ಕಾಲಿನ ಮೇಲೆ ಬಿತ್ತು.

"ನಿನ್ನ ಇನ್ನೊಂದು ಚಪ್ಪಲಿ ಎಲ್ಲೇ?"

"ಕಾಲಲ್ಲೇ ಇದ್ಯಲ್ಲಕ್ಕ."

ಕಾಲಲ್ಲಿರಲಿಲ್ಲ. ಹಿಂದೆ ಎಲ್ಲೋ ಬಿದ್ದುಹೋಗಿತ್ತು. ಹಿಮ್ಮಡಿ ಕಿತ್ತು ರಕ್ತ ಸೋರುತ್ತಿತ್ತು, ಅದೂ ಅವಳಿಗೆ ತಿಳಿದಿರಲಿಲ್ಲ.

"ಅಂಟಿನ ಹಬೆ ನರಕ್ಕೆ ಇಳಿದಿದೆ," ಎಂದರು ಡಾಕ್ಟರು. "ಈಗ ಬಿಟ್ರೆ ನಿಧಾನಕ್ಕೆ ಸರಿಹೋಗ್ಬಹುದು. ಬಿಡದಿದ್ರೆ ನಡೆಯೋದೇ ನಿಂತುಹೋಗುತ್ತೆ."

ಬಿಡುವುದು ಎಂದರೆ ಹೇಳಿದಷ್ಟು ಸುಲಭವೇ? ತಂಗಿಯ ಗಂಡ ಕೈಬಿಟ್ಟು ಹೋಗಿದ್ದ, ಹತ್ತು ತಿಂಗಳ ಮಗಳಿದ್ದಳು. ಪ್ಯಾಕಿಂಗಿಗಾದರೂ ಹಾಕಿ ಎಂದು ಅಕ್ಕ ಅಂಗಲಾಚಿದರೆ ಮ್ಯಾನೇಜರ್ ತಲೆಯನ್ನೂ ಎತ್ತಲಿಲ್ಲ. "ಅಲ್ಲಿ ಜಾಗ ಇಲ್ಲಮ್ಮ. ಆಗದಿದ್ರೆ ಮನೇಲಿರ್ಲಿ."

ಆ ವರ್ಷ ಮೇಡಂ ಬಂದು, ಬಾಗಿಲು ಹಾಕಿಕೊಂಡು, ಎಂದಿನಂತೆ ಅಕ್ಕನನ್ನು ಕೇಳಿದರು: "ಕಿಟಕಿ ದಿನಾ ತೆಗೀತಾರಾ?"

"ಇಲ್ಲ ಮೇಡಂ. ಮೊಳೆ ಕಿತ್ತಿದ್ದು ನಿನ್ನೆ. ಬೇಕಾದ್ರೆ ತೂತು ನೋಡಿ."

ಮೇಡಂ ಎದ್ದು ಹೋಗಿ ಅಂಟಿನ ಮೇಜಿನ ಬಳಿಯ ಕಿಟಕಿಯ ತೂತಿನಲ್ಲಿ ಬೆರಳಿಟ್ಟು ನೋಡಿ ಬಂದರು. ಆಮೇಲೆ ತಂಗಿಯ ಕಾಲಿನ ಕಥೆಯನ್ನೆಲ್ಲ ಬರೆದುಕೊಂಡರು. "ನೀವು ಹೇಳಿದ್ದು ಅಂತ ಎಲ್ಲೂ ಬರಲ್ಲ. ಈ ಅಂಟಿನ ಮೇಜು ಇಲ್ಲಿ ಹೀಗೇ ಇರೋಕೂ ಬಿಡಲ್ಲ."

ಕೊಟ್ಟ ಮಾತಿನಂತೆ ನಡೆದರು. ಮೂರು ತಿಂಗಳಲ್ಲಿ ಸರಿಪಡಿಸದಿದ್ದರೆ ಆರ್ಡರ್ ಇಲ್ಲವೆಂದು ಕಂಪನಿಯಿಂದ ಕಾಗದ ಬಂತು. ಮಾಲೀಕ ಸರಿಪಡಿಸಿದ. ಹಬೆ ಎಳೆಯುವ ಫ್ಯಾನಿನ ತಂಟೆಗೇ ಹೋಗದೆ ಅಂಟಿನ ಮೇಜುಗಳನ್ನೇ ಎತ್ತಿಸಿ, ಆ ಜಾಗದಲ್ಲಿ ಹೂವಿನ ಕುಂಡ ಇಡಿಸಿದ. ಅಂಟಿನವರ ಹೆಸರು ಹಾಜರಿ ಪುಸ್ತಕದಿಂದ ಹೋಯಿತು. ಮುಂದಿನ ಸೋಮವಾರ ಗುತ್ತಿಗೆದಾರನೊಬ್ಬ ವ್ಯಾನಿನಲ್ಲಿ ಅಂಟಿನ ಡಬ್ಬಿ, ಅಟ್ಟೆಯ ಮೂಟೆ ತಂದು ಅವರವರ ಮನೆಬಾಗಿಲಲ್ಲೇ ಇಳಿಸಿದ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದಿತಂತೆ.

"ಬೇಡ ಅನ್ನೇ!" ಅಕ್ಕ ಕೂಗಾಡಿದಳು.

"ಹಾಲಿನ ಪುಡಿ ನೀನು ತರ್ತೀಯಾ? ತರ್ತೀಯ, ಗೊತ್ತು. ಎಷ್ಟು ದಿನ?" ತಂಗಿ ಡಬ್ಬಿಯ ಮುಚ್ಚಳ ಮೀಟುತ್ತ ಅಂದಳು. "ನಿನ್ನ ಸತ್ಯಕ್ಕೆ ನಾನೇ ಬೇಕಿತ್ತಾ ಅಕ್ಕ?"

ಇಬ್ಬರಿಗೂ ಇದ್ದದ್ದು ಒಂದೇ ಕೋಣೆ. ಅದಕ್ಕೆ ಒಂದೇ ಕಿಟಕಿ, ಅದೂ ರಸ್ತೆಯ ಧೂಳಿಗೆ ಎದುರಾಗಿ. ಅಂಟಿನ ಡಬ್ಬಿ ತೆರೆದಿರುವಾಗ ಒಲೆ ಹಚ್ಚುವಂತಿಲ್ಲ, ಹಾಲು ಮೊದಲೇ ಕಾಯಿಸಿಟ್ಟುಕೊಳ್ಳಬೇಕು. ಮಗುವನ್ನು ಹೊರಗಿನ ಮೆಟ್ಟಿಲ ಹತ್ತಿರ ಬಿಟ್ಟರೆ ಉರುಳೀತೆಂಬ ಭಯ, ಒಳಗಿಟ್ಟುಕೊಂಡರೆ ಹಬೆಯ ಭಯ. ಬಾಗಿಲ ಹಿಡಿಗೆ ಕಟ್ಟಿದ ಬಟ್ಟೆಯ ಇನ್ನೊಂದು ತುದಿಯನ್ನು ಮಗುವಿನ ಸೊಂಟಕ್ಕೆ ಕಟ್ಟಿ ಹೊರಗೆ ಬಿಡುತ್ತಿದ್ದರು. ಅದು ಸ್ವಲ್ಪ ಹೊತ್ತು ಸುಮ್ಮನಾದರೂ ತಂಗಿ ಒಳಗಿಂದಲೇ ಕೂಗಿ ಕರೆಯುತ್ತಿದ್ದಳು. ಬ್ರಷ್ ಬಿಟ್ಟು ಹೋಗಿ ನೋಡೋಣವೆಂದರೆ ಕಾಲು ಬರಬೇಕಲ್ಲ.

ಮರುವರ್ಷ ಮೇಡಂ ಬಂದವರೇ ಹೂವಿನ ಕುಂಡ ನೋಡಿ ಮುಖ ಅರಳಿಸಿದರು. "ಇದೆಲ್ಲ ನಿಮ್ಮಿಂದಲೇ ಆಗಿದ್ದು ಕಣಮ್ಮ."

"ಅಂಟಿನ ಕೆಲಸ ನಿಂತಿಲ್ಲ ಮೇಡಂ. ಮನೆಗಳಿಗೆ ಹೋಗಿದೆ. ನಮ್ಮನೆಗೂ."

ಮೇಡಂ ಕೈಯಲ್ಲಿದ್ದ ಪಟ್ಟಿ ತಿರುವಿ ನೋಡಿದರು. "ನನ್ನ ಪಟ್ಟೀಲಿ ಇರೋದು ಈ ಕಟ್ಟಡ ಒಂದೇ. ಮನೆಗಳ ವಿಷಯ ಬರೆದ್ರೆ ಕಂಪನಿ ಈ ಸಲ ಗಡುವು ಕೊಡಲ್ಲ. ಆರ್ಡರ್ ಬೇರೆ ಕಡೆ ಹೋಗುತ್ತೆ. ಅಲ್ಲಿ ಅಂಟು ಯಾರ ಮನೇಲಿರುತ್ತೋ ನನಗೂ ಗೊತ್ತಿಲ್ಲ." ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. "ನೀವೇ ಹೇಳಿ. ಬರೀಲಾ?"

ಗಾಜಿನಾಚೆ ಹೊಲಿಗೆಯವರೆಲ್ಲ ಬಗ್ಗಿ ಕೆಲಸ ಮಾಡುತ್ತಿದ್ದರು. ಒಬ್ಬಿಬ್ಬರು ಕತ್ತು ಹೊರಳಿಸಿ ಇತ್ತಲೇ ನೋಡುತ್ತಿದ್ದರು.

"ಬೇಡ ಮೇಡಂ," ಅಂದಳು.

ಸಂಜೆ ಅವಳು ಮನೆಗೆ ಬಂದಾಗ ತಂಗಿ ಅಟ್ಟೆಗಳ ನಡುವೆ ಕೂತಿದ್ದಳು.

"ಹೇಳಿದ್ಯಾ?"

"ಹೇಳ್ದೆ."

"ಏನಂದ್ರು?"

"ಬರೀಲಾ ಅಂತ ನನ್ನೇ ಕೇಳಿದ್ರು."

ತಂಗಿ ಕೈಯಲ್ಲಿದ್ದ ಅಟ್ಟೆಗೆ ಅಂಟು ಸವರಿ ಮುಗಿಸಿ, "ಸರಿ ಬಿಡು," ಅಂದಳು.

ಹೊರಗೆ ಮಗು ಅಳತೊಡಗಿತು.

"ನೀನು ಸ್ವಲ್ಪ ಹೊರಗೆ ಹೋಗಿ ಕೂತ್ಕೋ, ನಾನು ಸವರ್ತೀನಿ," ಎಂದು ಅಕ್ಕ ಬ್ರಷ್ಷಿಗೆ ಕೈ ಚಾಚಿದಳು.

ತಂಗಿ ಗೋಡೆ ಹಿಡಿದು ಏಳಲು ನೋಡಿದಳು. ಆಗಲಿಲ್ಲ. ಇನ್ನೊಮ್ಮೆ ನೋಡಿದಳು. ಅಕ್ಕ ತೋಳಿಗೆ ಕೈ ಕೊಟ್ಟು ಎತ್ತಿದರೂ ಕಾಲುಗಳು ಬೇರೆ ಯಾರದೋ ಎಂಬಂತೆ ಮಡಚಿಕೊಂಡವು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಕ್ಕ ಹೊರಗೆ ಹೋಗಿ ಬಟ್ಟೆಯ ಗಂಟು ಬಿಚ್ಚಿ ಮಗುವನ್ನೇ ಒಳಗೆ ತಂದು ತಂಗಿಯ ಮಡಿಲಿಗೆ ಹಾಕಿದಳು. ನಾಳೆ ಬೆಳಿಗ್ಗೆ ವ್ಯಾನು ಬರುವಷ್ಟರಲ್ಲಿ ಇನ್ನೂ ಒಂದು ಮೂಟೆ ಮುಗಿಯಬೇಕಿತ್ತು. ಧೂಳು ಬರುತ್ತದೆಂದು ಬಾಗಿಲು ಹಾಕಿಕೊಂಡು ಸವರಲು ಕೂತಳು.