ರುಮಾಲು ಹಿಡಿಸದ ಮೋಟಾರು

ಅಪ್ಪನಿಗೆಂದು ಮೋಟಾರು ನೋಡಲು ಹೊರಟಾಗ ಜೇಬಿನಲ್ಲಿ ಅಳತೆಪಟ್ಟಿ ಇಟ್ಟುಕೊಂಡೇ ಹೋಗಿದ್ದೆ. ಅಳೆಯುವುದೇ ನನ್ನ ಕೆಲಸ. ಪುಣೆಯ ಒಂದು ಸರಕಾರಿ ಕಚೇರಿಯಲ್ಲಿ ಸೇತುವೆ, ಕಾಲುವೆಗಳ ನಕ್ಷೆ ತೆಗೆಯುತ್ತಿದ್ದೆ. ಅರ್ಧ ಇಂಚು ತಪ್ಪಿದರೂ ಜೊತೆಯವರ ಮೇಲೆ ಹರಿಹಾಯುತ್ತಿದ್ದೆ. ಸಿಟ್ಟು ಆಗಲೂ ಮೂಗಿನ ತುದಿಯಲ್ಲಿತ್ತು, ಈಗಲೂ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆ ಮೋಟಾರನ್ನು ದೂರಿ ಉಪಯೋಗವಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನಾರಾಯಣ ಪೇಠೆಯಲ್ಲಿ, ಹಲವು ಸಂಸಾರಗಳು ಒಂದೇ ಅಂಗಳ ಹಂಚಿಕೊಂಡ ಒಂದು ವಾಡೆಯಲ್ಲಿ, ಕೆಳಗಿನ ಎರಡು ಕೋಣೆಗಳಲ್ಲಿ ಅಪ್ಪ ಮತ್ತು ನಾನು ಇಬ್ಬರೇ ಇದ್ದೆವು. ಅವ್ವ ಹೋಗಿ ಆರು ವರ್ಷವಾಗಿತ್ತು. ನನಗೆ ಮದುವೆಯಾಗಿರಲಿಲ್ಲ. ಎರಡು ಕಡೆ ಮಾತಾಗಿ ಮುರಿದ ಮೇಲೆ ಜನ ಕೇಳುವುದನ್ನೂ ಬಿಟ್ಟಿದ್ದರು. ಅಡಿಗೆ ನನ್ನದೇ. ಊಟಕ್ಕೆ ಕೂತರೆ ನಮ್ಮ ನಡುವೆ "ಸಾರು ಹಾಕ್ಲೇನ್ರಿ?" "ಸಾಕು" ಅಷ್ಟೇ ಮಾತು. ಹೊರಗೆ ಅಂಗಳದಲ್ಲಿ ನಲ್ಲಿಯ ಹತ್ತಿರ ಬೆಳಗಿನಿಂದ ಸಂಜೆಯ ತನಕ ಮರಾಠಿಯ ಗಲಗಲ. ಅಪ್ಪ ಧಾರವಾಡ ಬಿಟ್ಟು ನಲವತ್ತು ವರ್ಷವಾಗಿತ್ತು. ಅಷ್ಟು ವರ್ಷವೂ ಕಚೇರಿಯಲ್ಲಿ ಮರಾಠಿಯಲ್ಲಿ ಕೆಲಸ ಮಾಡಿದರು, ಆದರೆ ಆ ಭಾಷೆಯಲ್ಲಿ ಒಂದು ದಿನವೂ ಹರಟೆ ಹೊಡೆದದ್ದು ನಾನು ಕಾಣೆ.

ಹರಟೆಗೆ ಅವರಿಗೆ ಇದ್ದವರು ಒಬ್ಬರೇ, ಖಡಕಿ ಕಾಕಾ. ಅಪ್ಪನೂ ಅವರೂ ಗುಮಾಸ್ತರಾಗಲೆಂದು ಒಂದೇ ರೈಲಿನಲ್ಲಿ ಧಾರವಾಡದಿಂದ ಬಂದಿಳಿದವರು. ಆಮೇಲೆ ಕಾಕಾ ದೂರದ ಖಡಕಿಯಲ್ಲಿ ಮನೆ ಮಾಡಿದರು. ಪ್ರತಿ ಐತವಾರ ಅಪ್ಪ ಟಾಂಗಾ ಹತ್ತಿ ಹೋಗುತ್ತಿದ್ದರು. ಎಷ್ಟೋ ಸಲ ನಾನೂ ಜೊತೆಗಿರುತ್ತಿದ್ದೆ. ಟಾಂಗಾ ನಿಲ್ಲುವುದರೊಳಗೆ ಕಾಕಾ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು, "ಬಂತೇನು ಸವಾರಿ? ಸತ್ತಿ ಅಂತ ತಿಳದಿದ್ದೆ ನಾ!" ಅಪ್ಪ ಇಳಿಯುತ್ತಲೇ, "ನಿನ್ನ ಮೊದಲ ಕಳಸದ ನಾ ಹೆಂಗ ಹೋಗ್ಲಿ ಲೇ?" ಎನ್ನುತ್ತಿದ್ದರು. ಆಮೇಲೆ ಮಧ್ಯಾಹ್ನದವರೆಗೂ ಅವಲಕ್ಕಿ, ಚಹಾ, ಬೈಗುಳ, ನಗೆ. ಅಪ್ಪ ಹಲ್ಲು ಕಾಣುವಂತೆ ನಗುವುದನ್ನು ನಾನು ಆ ಪಡಸಾಲೆಯಲ್ಲಿ ಬಿಟ್ಟು ಬೇರೆಲ್ಲೂ ನೋಡಲಿಲ್ಲ.

ಒಂದು ಮಳೆಗಾಲ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಬಲಗಾಲಿನ ಮೊಣಕಾಲು ಕೆಟ್ಟಿತು. ನೆಲದ ಮೇಲೆ ಕೋಲೂರಿ ನಡೆಯುತ್ತಿದ್ದರು, ಕಾಲೆತ್ತಿ ಮೇಲೆ ಹತ್ತುವುದು ಮಾತ್ರ ಆಗುತ್ತಿರಲಿಲ್ಲ. ಟಾಂಗಾದ ಮೆಟ್ಟಿಲು ಎತ್ತರ. ಒಮ್ಮೆ ಟಾಂಗಾದವನೂ ನಾನೂ ಸೇರಿ ಎತ್ತಿ ಕೂರಿಸಲು ಹೋದೆವು. "ಬಿಡ್ರಿ! ಜ್ವಾಳದ ಚೀಲ ಏನು ನಾ?" ಎಂದು ಕೂಗಿ ಒಳಗೆ ಹೋಗಿಬಿಟ್ಟರು. ಅದೇ ಸುಮಾರಿಗೆ ಖಡಕಿಯಲ್ಲಿ ಕಾಕಾಗೆ ಲಕವಾ ಹೊಡೆದು ಒಂದು ಪಕ್ಕ ನಿಂತಿತು, ಮಾತೂ ಅರ್ಧವಾಯಿತು. ಇವರು ಹೋಗಲಾರರು, ಅವರು ಬರಲಾರರು. ಎಂಟು ತಿಂಗಳು ನಾನೇ ಸೈಕಲ್ಲು ತುಳಿದು ಇಲ್ಲಿಯ ಸುದ್ದಿ ಅಲ್ಲಿಗೆ, ಅಲ್ಲಿಯದು ಇಲ್ಲಿಗೆ ಹೊತ್ತೆ. ಕಾಕಾ ಪ್ರತಿ ಸಲ ಒಂದೇ ಮಾತು ಕೇಳುತ್ತಿದ್ದರು: "ಅವಾ... ಯಾವಾಗ?" ಅದನ್ನು ಹೇಳಿದರೆ ಅಪ್ಪ ಗೋಡೆಯ ಕಡೆ ತಿರುಗಿ ಕೂಡುತ್ತಿದ್ದರು.

ಮೋಟಾರಿನ ಯೋಚನೆ ಬಂದದ್ದು ಹೀಗೆ. ಸಣ್ಣ ಮೋಟಾರು ನೆಲಕ್ಕೆ ಹತ್ತಿರ, ಕಾಲು ಹೆಚ್ಚು ಎತ್ತಬೇಕಿಲ್ಲ. ದೇಶ ಬಿಟ್ಟು ಹೊರಟ ಗೋರಾ ಸಾಹೇಬರು ದಂಡಿನವರ ಕ್ಯಾಂಪಿನಲ್ಲಿ ತಮ್ಮ ಗಾಡಿಗಳನ್ನು ಸಿಕ್ಕ ಬೆಲೆಗೆ ಬಿಟ್ಟು ಹೋಗುತ್ತಿದ್ದರು, ನನ್ನಂಥವನಿಗೂ ಎಟುಕುವಂತಿತ್ತು. ಪರಿಚಯದ ಒಬ್ಬ ಮಿಸ್ತ್ರಿಯನ್ನು ಕಟ್ಟಿಕೊಂಡು ಎರಡು ತಿಂಗಳು ಬಿಸಿಲಲ್ಲಿ ತಿರುಗಿದೆ. ಎಂಜಿನ್ ತಣ್ಣಗಿದ್ದಾಗಲೇ ಬರಬೇಕು, ಬಿಸಿ ಮಾಡಿಟ್ಟ ಎಂಜಿನ್ ಯಾರು ಹೇಳಿದರೂ ಹಾಡುತ್ತದೆ ಎಂದು ಮಿಸ್ತ್ರಿ ಕಲಿಸಿದ. ಹೊಗೆ ನೀಲಿ ಬಂದರೆ ಎಣ್ಣೆ ಸುಡುತ್ತಿದೆ ಎಂದು ತಿಳಿಯಬೇಕು, ನಿಂತ ಗಾಡಿಯ ಕೆಳಗಿನ ನೆಲ ಮೊದಲು ನೋಡಬೇಕು, ಟಾಯರಿನ ಮೇಲೆ ಬಣ್ಣ ಬಳಿದಿದ್ದರೆ ನಂಬಬಾರದು. ಎಷ್ಟೋ ಗಾಡಿ ಬಿಟ್ಟ ಮೇಲೆ ಕೊನೆಗೆ ಎರಡು ಉಳಿದವು. ಎರಡೂ ಸಣ್ಣವು, ಎರಡರ ಎಂಜಿನ್ನೂ ಗಟ್ಟಿ. ಒಂದಕ್ಕೆ ಮೇಲೆ ತಗಡಿನ ಮಾಡು. ಇನ್ನೊಂದಕ್ಕೆ ಬಟ್ಟೆಯ ಮಾಡು, ಬೇಕಾದಾಗ ಹಿಂದಕ್ಕೆ ಮಡಚುವಂಥದು.

ಬಟ್ಟೆಯದನ್ನು ತೆಗೆದುಕೊಳ್ಳಿ ಎಂದು ಮಿಸ್ತ್ರಿ ಹೇಳಿದ, ಅದರ ಎಂಜಿನ್ ಒಂದು ತೂಕ ಮೇಲು. ನಾನು ಒಪ್ಪಲಿಲ್ಲ. ಅಪ್ಪನಿಗೆ ಕೆಮ್ಮು, ಖಡಕಿ ರಸ್ತೆಯ ಧೂಳು, ಮಳೆ ಬಂದರೆ ಎರಚಲು. ತಗಡಿನದೇ ಸರಿ ಎಂದೆ. "ಬಸಣಾರ‍್ಯಾಲಾ ಆಣಾ, ಸಾಹೇಬ," ಎಂದ ಮಿಸ್ತ್ರಿ. ಕೂಡ್ರುವವರನ್ನೇ ಒಮ್ಮೆ ಕರೆತನ್ನಿ, ಕೂತು ನೋಡಲಿ ಎಂದು. ನನಗೆ ನಗು ಬಂತು. ಅಪ್ಪನ ಮೊಣಕಾಲು ಎಷ್ಟು ಎತ್ತರಕ್ಕೆ ಏಳುತ್ತದೆ ಎಂದು ಮನೆಯ ಹೊಸ್ತಿಲ ಹತ್ತಿರ ನಿಲ್ಲಿಸಿ ಅಳೆದುಕೊಂಡು ಬಂದಿದ್ದೆ. ಬಾಗಿಲಿನ ಅಗಲ, ಸೀಟಿನ ಉದ್ದ, ಕಾಲು ಚಾಚುವ ಜಾಗ ಎಲ್ಲ ನನ್ನ ಪುಸ್ತಕದಲ್ಲಿತ್ತು. ಕೊಂಡುಬಿಟ್ಟೆ. ಅದೇ ಮಿಸ್ತ್ರಿಯ ಹತ್ತಿರ ಮೂರು ವಾರ ಓಡಿಸಲು ಕಲಿತೆ. ಖಡಕಿಗೆ ಸೈಕಲ್ಲಿನಲ್ಲಿ ಹೋಗಿ, "ಕಾಕಾ, ಗಾಡಿ ತಗೊಂಡೇನ್ರಿ. ಬರೂ ಐತವಾರ ಅಪ್ಪನ್ನ ಕರಕೊಂಡ ಬರ್ತೀನಿ" ಎಂದು ಜಂಬದಿಂದ ಹೇಳಿ ಬಂದೆ. ಕಾಕಾ ಅರ್ಧ ಬಾಯಿಯಲ್ಲಿ ನಕ್ಕರು.

ಅಯ್ಯೋ, ಅಪ್ಪನ ರುಮಾಲು! ದಿನಾ ಬೆಳಿಗ್ಗೆ ಅದರ ಚುಂಗು ಹಿಡಿದು ನಿಲ್ಲುತ್ತಿದ್ದವನು ನಾನೇ. ಪುಣೆಯವರದು ಹೊಲಿದಿಟ್ಟ ಪಗಡಿ. ನಮ್ಮ ಕಡೆಯ ಹಿರಿಯರದು ಸುತ್ತುವ ರುಮಾಲು. ಉದ್ದನೆಯ ಬಟ್ಟೆ, ಒಂದು ತುದಿಯನ್ನು ಇನ್ನೊಬ್ಬರು ಎಳೆದು ಹಿಡಿಯಬೇಕು, ಸುತ್ತುವವರು ಮಡಿಕೆ ಮೇಲೆ ಮಡಿಕೆ ಕೂರಿಸುತ್ತ ಹತ್ತಿರ ಬರುತ್ತಾರೆ. ಮೊದಲು ಅವ್ವ ಹಿಡಿಯುತ್ತಿದ್ದಳು, ಅವಳು ಹೋದ ಮೇಲೆ ನಾನು. ನಮ್ಮಿಬ್ಬರ ದಿನದಲ್ಲಿ ಎದುರುಬದುರು ನಿಲ್ಲುವುದು ಅದೊಂದೇ ಹೊತ್ತು. ರುಮಾಲಿಲ್ಲದೆ ಅಪ್ಪ ಹೊಸ್ತಿಲು ದಾಟುತ್ತಿರಲಿಲ್ಲ. ಬರಿದಲೆಯಲ್ಲಿ ಹೊರಗೆ ಹೋಗುವುದು ಸಾವಿನ ಹಿಂದೆ ಮಾತ್ರ. ಸುತ್ತಿ ಮುಗಿಸಿದರೆ ಅದು ತಲೆಯ ಮೇಲೆ ಅರ್ಧ ಗೇಣು ಏಳುತ್ತಿತ್ತು. ಆರು ವರ್ಷ ಕಣ್ಣೆದುರಿಗೆ ಕಂಡದ್ದನ್ನು ನಾನು ಅಳೆದಿರಲಿಲ್ಲ.

ಆ ಐತವಾರ ಅಪ್ಪ ಒಗೆದ ಧೋತರ, ಕೋಟು, ಜರಿಯಂಚಿನ ರುಮಾಲು ಹಾಕಿಕೊಂಡು ಹೊರಬಂದರು. ಕಾಲು ಸಲೀಸಾಗಿ ಒಳಗೆ ಹೋಯಿತು. ನನಗೆ ಎದೆಯುಬ್ಬಿತು. ಆಮೇಲೆ ತಲೆ ಒಳಗೆ ತಂದರು, ರುಮಾಲು ತಗಡಿಗೆ ತಾಗಿ ಹಣೆಯ ಮೇಲೆ ಜಾರಿತು. ಸರಿಮಾಡಿಕೊಂಡು ಕತ್ತು ಬಗ್ಗಿಸಿ ಕೂತರು, ಮಡಿಕೆ ಬಿಚ್ಚಿತು. ವಾಡೆಯ ಹೆಂಗಸರು ನಲ್ಲಿಯ ಹತ್ತಿರ ನಿಂತು ನೋಡುತ್ತಿದ್ದರು.

"ರುಮಾಲ ತಗದು ತೊಡೀ ಮ್ಯಾಲ ಇಟಗೋರಿ ಅಪ್ಪಾ," ಎಂದೆ. "ಖಡಕಿ ಬಂದ ಮ್ಯಾಲ ಹಾಕ್ಕೊಂಡ್ರಾತು."

"ಹೆಣದ ಹಿಂದ ಹೋಗೂಮುಂದ ಬರೀ ತಲೀಲೆ ಹೋಗತಾರ," ಎಂದರು ಅಪ್ಪ. "ನಾ ಗೆಳ್ಯಾನ ಮನೀಗೆ ಹೊಂಟೇನಿ."

"ಯಾವ ಕಾಲದಾಗ ಇದ್ದೀರಿ? ಅರ್ಧಾ ಪುಣೆ ಬರೀ ತಲೀಲೆ ತಿರಗತದ."

"ತಿರಗಲಿ. ಅವರ ಮನ್ಯಾಗ ದಿನಾ ಒಂದು ಹೆಣಾ ಇರಬೇಕು."

ನನ್ನ ಸಿಟ್ಟು ನೆತ್ತಿಗೇರಿತು. "ನಿಮ್ಮ ಸಲುವಾಗಿ ಎರಡು ತಿಂಗಳು ಬಿಸಲಾಗ ಸತ್ತೇನಿ ನಾ!"

"ನಾ ಕೇಳಿದ್ನೇನು?" ಎಂದು ಅಪ್ಪ ಕೋಲೂರಿ ಇಳಿದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ರುಮಾಲು ಸುತ್ತುವ ಹೊತ್ತಿಗೆ ನನ್ನನ್ನು ಕರೆಯಲಿಲ್ಲ. ಅಡಿಗೆಮನೆಯಿಂದ ಇಣುಕಿ ನೋಡಿದೆ. ಚುಂಗನ್ನು ಕಿಟಕಿಯ ಸರಳಿಗೆ ಗಂಟು ಹಾಕಿ, ಒಬ್ಬರೇ ಸುತ್ತಿಕೊಳ್ಳುತ್ತ ಕಿಟಕಿಯ ಕಡೆ ನಡೆಯುತ್ತಿದ್ದರು. ಹೋಗಿ ಬಿಚ್ಚಿ ಹಿಡಿದುಕೊಳ್ಳಬಹುದಿತ್ತು. ಕರೆದರೆ ಹೋಗೋಣ ಎಂದು ಒಲೆಯ ಮುಂದೆಯೇ ನಿಂತೆ. ಅವರು ಕರೆಯಲಿಲ್ಲ.

ಮಿಸ್ತ್ರಿಯನ್ನು ಕೇಳಿದೆ. ಬಟ್ಟೆಯ ಮಾಡಿನ ಗಾಡಿ ಅಷ್ಟರಲ್ಲಿ ಯಾರ ಪಾಲಿಗೋ ಹೋಗಿತ್ತು. "ಅದಕ್ಕೇನು, ಸೀಟಿನ ಕೆಳಗೆ ಎರಡು ಮರದ ತುಂಡುಗಳಿವೆ, ತೆಗೆದರೆ ಸೀಟು ಇಳಿಯುತ್ತದೆ, ತನ್ನಿ" ಎಂದ. ಅರ್ಧ ದಿನದ ಕೆಲಸವಂತೆ. ನಾನು ಗಾಡಿ ಒಯ್ಯಲಿಲ್ಲ. ಸುಳ್ಳು ಯಾಕೆ ಹೇಳಲಿ, ಬಿಡುವಿರಲಿಲ್ಲ ಎಂಬುದು ನೆಪ. ಅಪ್ಪ ಮೊದಲು ಬಾಯಿ ಬಿಡಲಿ ಎಂದು ಹಟ ಹಿಡಿದಿದ್ದೆ. ಒಂದು ಮಾತು ಸಾಕಿತ್ತು. ಅವರೂ ನನ್ನ ಅಪ್ಪ, ಹಟದಲ್ಲಿ ನನಗಿಂತ ಒಂದು ಕೈ ಮೇಲು. ಒಂದು ಐತವಾರ ಹೋಯಿತು, ಎರಡು ಹೋದವು. ನಾನು ಖಡಕಿಗೆ ಸೈಕಲ್ಲು ತುಳಿಯುವುದನ್ನೂ ಬಿಟ್ಟೆ. ಏನೆಂದು ಹೇಳಲಿ ಕಾಕಾಗೆ? ರುಮಾಲಿಗಾಗಿ ಜಗಳವಾಗಿದೆ ಎಂದು ಹೇಳಲು ನಾಚಿಕೆ. ಮೋಟಾರು ಅಂಗಳದ ಮೂಲೆಯಲ್ಲಿ ನಿಂತಿತ್ತು, ಅದರ ಮೇಲೆ ಯಾರೋ ಹಪ್ಪಳ ಒಣಗಿಸಲು ಶುರುಮಾಡಿದರು. ಒಂದೇ ಸೂರಿನಡಿ ಎರಡು ತಲೆ, ಇಡೀ ವಾರ ಒಂದು ಮಾತಿಲ್ಲ. ಆದರೂ ನಾನು ಸೋಲಲಿಲ್ಲ.

ಐದನೆಯ ಐತವಾರ ಕಳೆದು ಮಂಗಳವಾರ ಬೆಳಿಗ್ಗೆ ಖಡಕಿಯಿಂದ ಒಬ್ಬರು ಬಂದು ಬಾಗಿಲಲ್ಲಿ ನಿಂತರು. ಅವರ ತಲೆಯ ಮೇಲೆ ಟೋಪಿ ಇರಲಿಲ್ಲ. ಅದನ್ನು ನೋಡಿಯೇ ಅಪ್ಪನಿಗೆ ತಿಳಿಯಿತು. ಕಾಕಾ ನಸುಕಿನಲ್ಲಿ ಹೋಗಿದ್ದರು.

ಅಪ್ಪ ಆಗಷ್ಟೇ ರುಮಾಲು ಸುತ್ತಿಕೊಳ್ಳಲು ನಿಂತಿದ್ದರು. ಕಿಟಕಿಯ ಸರಳಿಗೆ ಕಟ್ಟಿದ ಚುಂಗನ್ನು ಬಿಚ್ಚಿದರು, ರುಮಾಲನ್ನು ಮಡಚಿ ಗೂಟಕ್ಕೆ ಹಾಕಿದರು. ಹೆಗಲ ಮೇಲೆ ಒಂದು ಪಂಚೆ ಹೊದ್ದು ಬರಿದಲೆಯಲ್ಲಿ ಅಂಗಳಕ್ಕೆ ಬಂದು ಮೋಟಾರಿನ ಬಾಗಿಲ ಹತ್ತಿರ ನಿಂತರು. ನಾನು ಹಪ್ಪಳ ಸರಿಸಿ ಬಾಗಿಲು ತೆಗೆದೆ. ಕಾಲು ಒಳಗೆ ಹೋಯಿತು, ತಲೆಯೂ ಹೋಯಿತು. ಬೆಳ್ಳಗಿನ ನುಣ್ಣನೆಯ ತಲೆ, ಅದರ ಮೇಲೆ ನಾಲ್ಕು ಬೆರಳು ಜಾಗ ಉಳಿದಿತ್ತು. ಭಾಂಬುರ್ಡೆ ದಾಟಿ ಖಡಕಿ ಸೇರುವವರೆಗೂ ಅಪ್ಪ ಎರಡೂ ಕೈಯಲ್ಲಿ ಕೋಲು ಹಿಡಿದು ರಸ್ತೆ ನೋಡುತ್ತ ಕೂತಿದ್ದರು. ಗಾಡಿ ಎಲ್ಲೂ ಕೈಕೊಡಲಿಲ್ಲ. ಒಮ್ಮೆಯಾದರೂ ಕೆಟ್ಟು ನಿಲ್ಲಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಸಂಸ್ಕಾರದ ಕೆಲಸ ಮುಗಿದು ಎಲ್ಲರೂ ಸ್ನಾನ ಮಾಡಿ ಬಂದ ಮೇಲೆ ಕಾಕಾನ ಸೊಸೆ ಅಪ್ಪನ ಮುಂದೆ ಬಂದು ಕೂತಳು. "ಮಾವಾರು ಐದ ಐತವಾರ ನಿಮ್ಮ ದಾರಿ ನೋಡಿದ್ರು," ಎಂದಳು. "ಬೆಳಿಗ್ಗೆ ಎದ್ದ ಕೂಡ್ಲೆ ತಲಿಗೆ ಕೈ ತೋರಸ್ತಿದ್ರು, ರುಮಾಲ ಸುತ್ತು ಅಂತ. ಅವರ ಕೈ ನಡೀತಿದ್ದಿಲ್ಲಲ್ರಿ, ನಾನ ಸುತ್ತತಿದ್ದೆ. ಮಧ್ಯಾನದ ತನಕಾ ಬಾಗಲದಾಗ ಕುರ್ಚಿ ಹಾಕ್ಕೊಂಡು ಹಂಗ ಕೂಡತಿದ್ರು. ಬರೀ ತಲೀಲೆ ನಿಮ್ಮ ಎದುರಿಗೆ ಹೆಂಗ ಕೂಡಬೇಕು ಅಂತ."

ಅಪ್ಪ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ, ಬೈದಿದ್ದರೆ ಎಷ್ಟೋ ಮೇಲಿತ್ತು. ನಾನು ಎದ್ದು ಹೊರಗೆ ಬಂದು ಮೋಟಾರಿನ ಹಿಂದೆ ನಿಂತು ಅತ್ತೆ.

ಹದಿಮೂರು ದಿನ ಕಳೆದ ಮೇಲೆ, ಒಂದು ಐತವಾರ ಬೆಳಿಗ್ಗೆ ಬೋಲ್ಟು ಬಿಚ್ಚುವ ಪಾನಾ ತೆಗೆದುಕೊಂಡು ಅಂಗಳಕ್ಕೆ ಹೋದೆ. ನಾಲ್ಕು ಬೋಲ್ಟು. ಸೀಟು ಎತ್ತಿದರೆ ಕೆಳಗೆ ಮಿಸ್ತ್ರಿ ಹೇಳಿದ ಎರಡು ಮರದ ತುಂಡುಗಳು. ತೆಗೆದು ಮತ್ತೆ ಬಿಗಿದೆ. ಮಿಸ್ತ್ರಿ ಬೇಕಾಗಲಿಲ್ಲ, ಅರ್ಧ ದಿನವೂ ಬೇಕಾಗಲಿಲ್ಲ. ಒಲೆಯ ಮೇಲಿಟ್ಟ ಬೇಳೆ ಬೇಯುವುದರೊಳಗೆ ಮುಗಿದುಹೋಯಿತು. ಆ ತುಂಡುಗಳನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆ.

ಒಳಗಿನಿಂದ ಅಪ್ಪನ ದನಿ ಬಂತು. "ತಮ್ಮಾ, ಚುಂಗು ಹಿಡಿ ಬಾ."

ಓಡಿದೆ. ಎಣ್ಣೆಯ ಕೈ ಒರೆಸಿಕೊಂಡು ಚುಂಗು ಹಿಡಿದು ನಿಂತೆ. ಅಪ್ಪ ಅವಸರ ಮಾಡಲಿಲ್ಲ, ಮಡಿಕೆಯ ಮೇಲೆ ಮಡಿಕೆ ಕೂರಿಸುತ್ತ ನನ್ನ ಹತ್ತಿರ ಬಂದರು. ಆಮೇಲೆ ಕೋಲು ಹಿಡಿದು ತಾವೇ ಹೊರಗೆ ನಡೆದು ಮೋಟಾರಿನಲ್ಲಿ ಕೂತರು. ತಲೆಯ ಮೇಲೆ ಕೈ ಆಡಿಸಿ, ರುಮಾಲಿಗೂ ತಗಡಿಗೂ ನಡುವೆ ಬೆರಳು ತೂರಿಸಿ ನೋಡಿದರು. ಎರಡು ಬೆರಳು ಹಿಡಿಸಿದವು.

"ಈಗ ಬರೋಬ್ಬರಿ ಆತು ನೋಡು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ನಾನು ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸಿ, ಬಂದು ಪಕ್ಕದಲ್ಲಿ ಕೂತೆ. ಅಪ್ಪ ಕೋಟು ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದರು, ಐತವಾರ ಟಾಂಗಾದಲ್ಲಿ ಕೂಡುತ್ತಿದ್ದ ಹಾಗೆಯೇ. ನಾನು ಅವರ ಮುಖ ನೋಡಿದೆ, ಅವರು ನನ್ನದು ನೋಡಿದರು.

"ಎಲ್ಲಿಗೆ ಹೋಗೂಣು?" ಎಂದು ಕೇಳಿದರು.

ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೇ ಕೇಳಿದರು. ನಲವತ್ತು ವರ್ಷ ಪುಣೆಯಲ್ಲಿ ಕಳೆದ ಮನುಷ್ಯ. ನಾನು ಒಂದೊಂದೇ ಪೇಠೆಯನ್ನು ಮನಸ್ಸಿನಲ್ಲಿ ಹಾದು ಬಂದೆ. ಅಪ್ಪ ಹೋಗಿ ಕೂಡಬಹುದಾದ ಮನೆ ಒಂದೂ ನೆನಪಾಗಲಿಲ್ಲ. ಕೈ ಚಾಚಿ ಎಂಜಿನ್ ಬಂದ್ ಮಾಡಿದೆ.