ಎಮ್ಮೆಯ ಕಿವಿಗೆ ಹಿಡಿದ ಫೋನು

ಬೇರೆಯವರ ಮನೆಯಲ್ಲಿ ಅಣ್ಣನ ಅಂಗಿ ತಮ್ಮನಿಗೆ ಬರುತ್ತದೆ. ನಮ್ಮ ಮನೆಯಲ್ಲಿ ಮಗನ ಫೋನು ಅಪ್ಪನಿಗೆ ಹೋಗುತ್ತದೆ. ನಾನು ಮನಸ್ಸಿಗೆ ಬಂದಷ್ಟು ದಿನ ಬಳಸಿ, ಗಾಜು ಒಡೆದುಕೊಂಡು, ಬ್ಯಾಟರಿ ಸಂಜೆಯವರೆಗೆ ತಡೆಯದಂತಾದ ಮೇಲೆ "ಚಲೋ ಐತಿ, ಇಟ್ಕೋ" ಎಂದು ಅಪ್ಪನ ಕೈಗೆ ಕೊಟ್ಟ ಫೋನಿನ ಸಂಗತಿ ಇದು. ಅಪ್ಪ ಅದನ್ನು ಎಲೆ ಅಡಿಕೆ ಚೀಲದ ಜೊತೆ ಒಂದೇ ಕಿಸೆಯಲ್ಲಿ ಇಟ್ಟುಕೊಂಡ. ಅಂದಿನಿಂದ ಅದರ ಸ್ಪೀಕರಿನ ತೂತುಗಳಲ್ಲಿ ಸುಣ್ಣ ಸೇರಿಕೊಂಡಿತು.

ಹತ್ತಿಮತ್ತೂರಿನ ನಮ್ಮ ಮನೆಯಲ್ಲಿ ಆಗ ಒಂದು ಎಮ್ಮೆ ಇತ್ತು. ಅದರ ಕರು ಹುಟ್ಟಿ ತಿಂಗಳಾಗುವುದರೊಳಗೆ ಸತ್ತಿತ್ತು. ಕರು ಸತ್ತ ಎಮ್ಮೆ ಸುಮ್ಮನೆ ಹಾಲು ಇಳಿಸುವುದಿಲ್ಲ, ಒದೆಯುತ್ತದೆ. ನಮ್ಮ ಎಮ್ಮೆ ಅವ್ವನ ಮಾತು ಕೇಳಿದರೆ ಮಾತ್ರ ಇಳಿಸುತ್ತಿತ್ತು. ಹಾಡಲ್ಲ, ಬರೀ ಮಾತು. ಅವ್ವ ಕೆಚ್ಚಲು ತೊಳೆದು, ಅದರ ಪಕ್ಕೆಗೆ ಹಣೆ ಆನಿಸಿ ಕುಳಿತು ಮನೆಯ ಸಮಾಚಾರ ಶುರು ಮಾಡಿದರೆ ಸಾಕು, ಅದು ಮೆಲುಕು ಹಾಕುತ್ತ ನಿಲ್ಲುತ್ತಿತ್ತು. ನಮಗ್ಯಾರಿಗೂ ಹೇಳದ್ದನ್ನು ಅವ್ವ ಅದಕ್ಕೆ ಹೇಳುತ್ತಿದ್ದಳು. ನನಗೆ ಇದರಿಂದ ಒಳಗೊಳಗೇ ಹೊಟ್ಟೆಕಿಚ್ಚಿತ್ತು. ಎಮ್ಮೆಗಿರುವ ಮರ್ಯಾದೆ ಮಗನಿಗಿಲ್ಲ.

ಒಮ್ಮೆ ಅವ್ವ ಹಾನಗಲ್ಲಿಗೆ ಮದುವೆಗೆ ಹೋದಾಗ ಅಪ್ಪ, ಓಣಿಯವರ ಮಾತು ಕೇಳಿ, ಅವಳ ಇಳಕಲ್ ಸೀರೆ ಸುತ್ತಿಕೊಂಡು, ಮೀಸೆ ಮುಚ್ಚುವಂತೆ ಸೆರಗು ಹೊದ್ದು ಹಿಂಡಲು ಹೋದ. ಎಮ್ಮೆ ಒಮ್ಮೆ ತಿರುಗಿ ನೋಡಿತು. ಚರಿಗೆ ಒಂದು ಕಡೆ ಬಿತ್ತು, ಅಪ್ಪ ಒಂದು ಕಡೆ ಬಿದ್ದ. ಸೀರೆಗೆ ಸಗಣಿ ಹತ್ತಿದ್ದು ಹೇಗೆಂದು ಅವ್ವ ಬಂದು ಕೇಳಿದಾಗ ನಾವಿಬ್ಬರೂ ಗೊತ್ತಿಲ್ಲವೆಂದೆವು.

ಹೀಗಿರುವಾಗ ಹಿರೇಕೆರೂರಿಗೆ ಕೊಟ್ಟ ಅಕ್ಕನಿಗೆ ಎರಡನೆಯ ಹೆರಿಗೆಯಾಯಿತು. ಆಪರೇಶನ್ ಮಾಡಿ ಕೂಸು ತೆಗೆದಿದ್ದರು. ಅವಳಿಗೆ ಅತ್ತೆ ಇಲ್ಲ, ಮೊದಲನೆಯ ಮಗಳು ಇನ್ನೂ ಸೊಂಟ ಬಿಟ್ಟು ಇಳಿಯುವುದಿಲ್ಲ. ಬಾಣಂತನಕ್ಕೆ ಅವ್ವ ಹೋಗಲೇಬೇಕಿತ್ತು.

"ನಾ ಹ್ವಾದ್ರ ಎಮ್ಮಿ ಬತ್ತತೈತಿ. ಹೆಂಗ ಹೋಗ್ಲಿ?" ಎಂದು ಅವ್ವ ಬಾಗಿಲಲ್ಲಿ ಕುಳಿತುಬಿಟ್ಟಳು.

ಸವಣೂರಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ನನಗೆ, ಯಾವುದಕ್ಕಾದರೂ ಇನ್ನೊಂದು ಪ್ರತಿ ತೆಗೆಯಬಹುದು ಎಂಬ ನಂಬಿಕೆ. ಅಂದು ಸಂಜೆ ಅವ್ವ ಹಿಂಡುವಾಗ ನಾನು ಅಪ್ಪನ ಫೋನು ಹಿಡಿದುಕೊಂಡು ಹೊಟ್ಟಿನ ಚೀಲದ ಹಿಂದೆ ಕುಳಿತು ಎಲ್ಲವನ್ನೂ ರೆಕಾರ್ಡ್ ಮಾಡಿದೆ.

"ಬಿಡವಾ ನನ್ನವ್ವಾ, ಹಾಲು ಬಿಡು. ಮುಂಜಾನಿಂದ ಸೊಂಟ ಹಿಡದೈತಿ, ಯಾರ ಮುಂದ ಹೇಳ್ಲಿ? ಇಷ್ಟ ವರ್ಷ ಆತು, ಇವ್ರಿಗೆ ರೊಟ್ಟಿ ಬಡದ ಹಾಕಾಕತ್ತೇನಿ. ಚಲೋ ಆಗೈತಿ ಅಂತ ಒಂದಿನಾನರ ಅಂದಾರೇನು? ಉಪ್ಪ ಕಮ್ಮಿ ಆದ ದಿನಾ ಅಷ್ಟ ಇವ್ರಿಗೆ ಬಾಯಿ ಬರ್ತೈತಿ." ಚರಿಗೆ ತುಂಬುತ್ತ ಬಂದಾಗ ದನಿ ಸಣ್ಣದಾಯಿತು. "ಏನರ ಅನ್ನು, ಮನಿಷ್ಯಾ ಕೆಟ್ಟಾಂವಲ್ಲ. ಒಂದ ರಾತ್ರಿ ಇವ್ರು ಪರ ಊರಿಗೆ ಹ್ವಾದ್ರ ನನಗ ನಿದ್ದಿ ಹತ್ತಂಗಿಲ್ಲ ನೋಡು."

ಮರುದಿನ ಮುಂಜಾನೆ ಅವ್ವನನ್ನು ಹೊರಗೆ ನಿಲ್ಲಿಸಿ, ಫೋನನ್ನು ಎಮ್ಮೆಯ ಕಿವಿಗೆ ಹಿಡಿದೆ. ಅಪ್ಪ ಕೆಚ್ಚಲಿಗೆ ಕೈ ಹಾಕಿದ. ಹಾಲು ಬಂತು. ಅವ್ವ ಇಣುಕಿ ನೋಡಿ ಮುಖ ಸಣ್ಣದು ಮಾಡಿಕೊಂಡಳು. "ಇಷ್ಟ ಸಾಕಾತೇನ ನಿನಗ" ಎಂದು ಎಮ್ಮೆಗೆ ಹೇಳಿ ಬಸ್ಸು ಹತ್ತಿದಳು.

ಆಮೇಲೆ ದಿನಕ್ಕೆರಡು ಬಾರಿ ಅಪ್ಪ ತನ್ನ ಮೇಲಿನ ದೂರು ಕೇಳುತ್ತ ಹಾಲು ಹಿಂಡಿದ. ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ. ಉಪ್ಪಿನ ಮಾತು ಬಂದರೂ ಕೈ ನಿಲ್ಲುತ್ತಿರಲಿಲ್ಲ. ಕೊನೆಯ ಮಾತು ಬಂದಾಗ ಮಾತ್ರ ಜೋರಾಗಿ ಕೆಮ್ಮುತ್ತಿದ್ದ.

ಫೋನು ಕೈಕೊಟ್ಟದ್ದು ದೇವರಿಂದ. ಹಾನಗಲ್ಲು, ಶಿಗ್ಗಾಂವಿ, ತಡಸದ ಬೀಗರೆಲ್ಲ ದಿನಾ ಬೆಳಗಾದರೆ ಅಪ್ಪನಿಗೆ ದೇವರ ಚಿತ್ರ ಕಳಿಸುತ್ತಿದ್ದರು, ಕೆಳಗೆ ಎರಡು ಗುಲಾಬಿ. ಅಪ್ಪ ಒಂದನ್ನೂ ತೆಗೆದುಹಾಕುತ್ತಿರಲಿಲ್ಲ. "ದೇವರನ್ನ ಅಳಸ್ತಾರೇನು?" ಎನ್ನುತ್ತಿದ್ದ. ಫೋನು ತುಂಬಿ, ಒತ್ತಿದ್ದು ತೆರೆಯದೆ, ತೆರೆದದ್ದು ಮುಚ್ಚದೆ, ಅವ್ವನ ದನಿ ನಡುನಡುವೆ ನಿಂತು ಎಮ್ಮೆ ಕಾಲು ಎತ್ತತೊಡಗಿತು. ರಿಸೆಟ್ ಮಾಡದೆ ಗತಿಯಿಲ್ಲ, ಕೊಂಡ ದಿನ ಹೇಗಿತ್ತೋ ಹಾಗಾಗುತ್ತದೆ ಎಂದೆ. ಫೋನಿನ ನಂಬರುಗಳನ್ನು ಉಳಿಸಿಕೊಂಡೆ. ಅವ್ವನ ದನಿಯನ್ನು ನನ್ನ ಫೋನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಎಲ್ಲವೂ ಅಳಿಸಿಹೋಗುತ್ತದೆ ಎಂದು ಪರದೆಯ ಮೇಲೆ ಬಂತು.

"ಎಲ್ಲಾ ಅಂದ್ರ?" ಅಪ್ಪ ಕೇಳಿದ.

"ಎಲ್ಲಾ."

"ದೇವರೂ?"

"ದೇವರೂ."

ಅಪ್ಪ ಸ್ವಲ್ಪ ಯೋಚಿಸಿ, "ಅಳಸಾಂವ ನೀ, ನಾ ಅಲ್ಲ" ಎಂದ. ನಾನು ಒತ್ತಿದೆ.

ಫೋನು ಕಪ್ಪಾಗಿ, ಬಹಳ ಹೊತ್ತು ಬಿಟ್ಟು ಎದ್ದು, ನಮಸ್ಕಾರ ಹೇಳಿ, ನಿಮ್ಮ ಭಾಷೆ ಯಾವುದು ಎಂದು ಕೇಳಿತು. ಇಷ್ಟು ವರ್ಷ ನಮ್ಮ ಮನೆಯ ಅನ್ನ ತಿಂದ ಫೋನು ನಮ್ಮನ್ನು ಯಾರೆಂದು ಕೇಳಿತು. ನಾನು ಸಂತೋಷದಿಂದ ನನ್ನ ಫೋನು ತೆಗೆದು ಅವ್ವನ ದನಿ ಹುಡುಕಿದೆ. ಬಂದಿರಲಿಲ್ಲ. ಆ ತುಂಬಿದ ಫೋನಿನಿಂದ ಅದು ಹೊರಟೇ ಇರಲಿಲ್ಲ. ಕಳಿಸುವಾಗ ಅದರ ಪಕ್ಕದಲ್ಲಿ ಟಿಕ್ ಇರಲಿಲ್ಲ, ಸಣ್ಣ ಗಡಿಯಾರದ ಗುರುತಿತ್ತು. ದಿನಾ ಗಿರಾಕಿಗಳಿಗೆ "ಟಿಕ್ ಬಿದ್ದೈತೇನ ನೋಡ್ರಿ" ಎಂದು ಹೇಳುವವನು ನಾನು.

ಅಂದು ಸಂಜೆ ಎಮ್ಮೆ ಹನಿ ಹಾಲು ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ. ಕೆಚ್ಚಲು ಬಿಗಿದು ಕಲ್ಲಾಗುತ್ತ ಬಂತು. ಅವ್ವನಿಗೆ ಹೇಳುವ ಹಾಗಿಲ್ಲ, ಹೇಳಿದರೆ ಸಿಕ್ಕ ಬಸ್ಸು ಹತ್ತಿ ಬರುತ್ತಾಳೆ. ಅಲ್ಲಿ ಅಕ್ಕನಿಗೆ ಇನ್ನೂ ಸರಿಯಾಗಿ ಎದ್ದು ಕೂರಲು ಬರುತ್ತಿರಲಿಲ್ಲ. ಅವ್ವ ಫೋನು ಮಾಡಿದಾಗ, ಎಮ್ಮೆಗೆ ಮಾತಾಡಿದ ಹಾಗೆ ಸ್ವಲ್ಪ ಮಾತಾಡು ಎಂದು ಏನೋ ನೆವ ಹೇಳಿ ಕೇಳಿದೆ.

"ಎಮ್ಮಿ ಮುಂದಿಲ್ಲದ ಹೆಂಗ ಮಾತಾಡ್ಲೋ? ನನಗೇನ ಹುಚ್ಚ ಹಿಡದೈತೇನು?" ಎಂದು ಬೈದಳು. ಆಮೇಲೆ ದನಿ ಬದಲಿಸಿ, "ಎಮ್ಮಿ ಬರೋಬರಿ ಐತಿಲ್ಲ?" ಎಂದಳು. ಐತಿ ಎಂದೆ. 

ಮುಂದಿನ ಮುಂಜಾನೆ ನಾನು ಏಳುವಷ್ಟರಲ್ಲಿ ಕೊಟ್ಟಿಗೆಯಿಂದ ಅಪ್ಪನ ದನಿ ಕೇಳಿಸಿತು. ಮನೆಯಲ್ಲಿ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವ ಮನುಷ್ಯ, ಎಮ್ಮೆಯ ಪಕ್ಕೆಗೆ ಹಣೆ ಆನಿಸಿ, ಬಿಡುವಿಲ್ಲದೆ ಮಾತಾಡುತ್ತಿದ್ದ.

"ಮುಂಜಾನಿಂದ ಸೊಂಟ ಹಿಡದೈತಿ, ಯಾರ ಮುಂದ ಹೇಳ್ಲಿ? ಇಷ್ಟ ವರ್ಷ ಆತು, ಇವ್ರಿಗೆ ರೊಟ್ಟಿ ಬಡದ ಹಾಕಾಕತ್ತೇನಿ. ಚಲೋ ಆಗೈತಿ ಅಂತ ಒಂದಿನಾನರ ಅಂದಾರೇನು?"

ಒಂದು ಮಾತೂ ತಪ್ಪಿರಲಿಲ್ಲ. ಅವ್ವ ಉಸಿರು ತೆಗೆದುಕೊಂಡಲ್ಲೇ ಅವನೂ ತೆಗೆದುಕೊಳ್ಳುತ್ತಿದ್ದ. ದನಿ ಗಂಡಸಿನದೇ ಆಗಿತ್ತು, ಅದನ್ನು ಬದಲಿಸುವ ಪ್ರಯತ್ನವನ್ನೇ ಅವನು ಮಾಡಲಿಲ್ಲ. ಎಮ್ಮೆ ಕಿವಿ ಆಡಿಸುತ್ತ ಯೋಚಿಸಿತು. ಸ್ವಲ್ಪ ಹೊತ್ತಿಗೆ ಚರಿಗೆಯ ತಳಕ್ಕೆ ಹಾಲು ಬಿದ್ದ ಸದ್ದಾಯಿತು. ಉಪ್ಪಿನ ಮಾತು ಮುಗಿಸಿ ಅಪ್ಪ ತಿರುಗಿ ಮೊದಲಿಗೆ ಬಂದ, ಮತ್ತೆ ಸೊಂಟದಿಂದ ಶುರು ಮಾಡಿದ. ಕೊನೆಯ, ನಿದ್ದೆಯ ಮಾತನ್ನು ಮುಟ್ಟಲಿಲ್ಲ. ಚರಿಗೆ ಅರ್ಧ ತುಂಬಿತು, ನಮಗೆ ಅದೇ ಹಬ್ಬ.

ಹೀಗೆ ವಾರ ನಡೆದಿರಬೇಕು. ಒಂದು ಸಂಜೆ ಹಿಂಡುವ ಹೊತ್ತಿನಲ್ಲೇ ಅವ್ವನ ಫೋನು ಬಂತು. ಕೊಟ್ಟಿಗೆಯಲ್ಲೇ ನಿಂತಿದ್ದ ನಾನು ಅಭ್ಯಾಸದಂತೆ ಸ್ಪೀಕರ್ ಹಾಕಿ ಎತ್ತಿದೆ. ಅಪ್ಪನಿಗೆ ಗೊತ್ತಾಗಲಿಲ್ಲ.

"ಉಪ್ಪ ಕಮ್ಮಿ ಆದ ದಿನಾ ಅಷ್ಟ ಇವ್ರಿಗೆ ಬಾಯಿ ಬರ್ತೈತಿ" ಎಂದು ಅವನು ಎಮ್ಮೆಗೆ ಹೇಳುತ್ತಿದ್ದ.

"ಯಾರದು?" ಅವ್ವ ಕೇಳಿದಳು.

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ರಿಸೆಟ್ಟು, ಗಡಿಯಾರದ ಗುರುತು, ಎಲ್ಲ ಹೇಳಿದೆ. ಅವ್ವ ಬೈಯಲಿಲ್ಲ. "ಹಾಲ ಬಿಡತೈತೇನು?" ಎಂದಳು. ಬಿಡತೈತಿ ಎಂದೆ. "ಹಂಗಾದ್ರ ಸುಮ್ಮನ ಹಿಡಿ, ಕೇಳ್ತೇನಿ" ಎಂದಳು. ಅಪ್ಪ ಒಂದು ಸುತ್ತು ಮುಗಿಸಿ ಮತ್ತೆ ಸೊಂಟಕ್ಕೆ ಬಂದಾಗ ಅವ್ವ ಹೇಳಿದಳು, "ಕಡೀ ಮಾತ ಬಿಟ್ಟಾರಲ್ಲ. ಅದನ್ನೂ ಅನ್ನಂತ ಹೇಳು."

ಅಪ್ಪನ ಕೈ ನಿಂತಿತು. ತಿರುಗಿ ಫೋನು ನೋಡಿದ, ಆಮೇಲೆ ಚರಿಗೆ ನೋಡಿದ.

"ಅದೊಂದು ನನ್ನ ಕಡಿಂದ ಆಗಂಗಿಲ್ಲ" ಎಂದ. "ಅದನ್ನ ಅಕೀನ ಬಂದು ಹೇಳ್ಲಿ."

ಆ ಕಡೆ ಅಳುತ್ತಿದ್ದ ಕೂಸನ್ನು ಅವ್ವ ತಟ್ಟುವ ಸದ್ದು ಕೇಳಿಸಿತು.

"ಬಂದು ಹೇಳ್ತೇನಂತ ಹೇಳು" ಎಂದಳು ಅವ್ವ. "ಅಲ್ಲೀತನಾ ಎಮ್ಮಿಗೆ ಉಳದ ಮಾತ ಸಾಕಂತ."