ಸೂರ್ಯಾಸ್ತಕ್ಕೆ ಕಾದ ಜೀವಕೋಶಗಳು

ಲಸ್ಸಾದನ ಕತ್ತು ಎಷ್ಟು ಉದ್ದವೆಂದರೆ, ಅವನು ಮೈಕ್ರೋಸ್ಕೋಪಿಗೆ ಬಾಗಿದಾಗ ಗಾಜಿನ ತಟ್ಟೆಯಲ್ಲಿನ ಜೀವಕೋಶಗಳಿಗೆ ಮಸೀದಿಯ ಮಿನಾರೇ ವಾಲಿತೆಂದು ಗಾಬರಿಯಾಗುತ್ತಿತ್ತು. ಟ್ಯೂನಿಸ್ಸಿನ ನಮ್ಮ ಸಂಶೋಧನಾಲಯದಲ್ಲಿ ಯಂತ್ರ ರಿಪೇರಿ ಮಾಡುತ್ತಲೇ ಮುದುಕನಾದವನು ನಾನು. ಲಸ್ಸಾದನಂಥ ಶಿಸ್ತಿನ ಮನುಷ್ಯನನ್ನು ಕಂಡಿಲ್ಲ. ಹೆಂಡತಿ ಫಾತೆನ್ ಶೋರ್ಬಾ ಸಾರಿಗೆ ಉಪ್ಪು ಹಾಕುವಾಗಲೂ ಪಕ್ಕದಲ್ಲಿ ನಿಂತು ಅಳತೆ ಕೇಳುವವನು.

ಅವನ ಕೆಲಸ ಜೀವಂತ ಕೋಶದೊಳಗಿನ ಕ್ಯಾಲ್ಸಿಯಂ ಅಳೆಯುವುದು. ಕೋಶದಲ್ಲಿ ಸುದ್ದಿ ಮುಟ್ಟಿಸುವ ಟಪಾಲಿನವನು ಅದು. ಅದು ತಾಗಿದರೆ ಹೊಳೆಯುವ ಬಣ್ಣವೊಂದನ್ನು ಕೋಶಕ್ಕೆ ಕುಡಿಸಿ, ದೀಪ ಬಿಟ್ಟು ನೋಡಬೇಕು. ಆದರೆ ಬರೀ ಹೊಳಪು ನೋಡಿದರೆ ಏನೂ ತಿಳಿಯದು. ಪ್ರತಿ ತಟ್ಟೆಯ ಕೊನೆಗೆ ಎರಡು ಮದ್ದು ಹಾಕಬೇಕು: ಒಂದು ಕೋಶದ ಬಾಗಿಲು ಮುರಿದು ಕ್ಯಾಲ್ಸಿಯಂ ನುಗ್ಗಿಸುತ್ತದೆ, ಇನ್ನೊಂದು ಇದ್ದದ್ದನ್ನೆಲ್ಲ ಹೀರುತ್ತದೆ. ಅತಿ ಹೆಚ್ಚು, ಅತಿ ಕಡಿಮೆ ಹೊಳಪಿನ ಆ ಎರಡು ತುದಿ ಸಿಕ್ಕರೇನೇ ನಡುವಿನ ಹೊಳಪು ಅಂಕಿಯಾಗುವುದು. ಅಷ್ಟರಲ್ಲಿ ಕೋಶ ಸತ್ತಿರುತ್ತದೆ. ಅದಕ್ಕೇ ನಾವು ಇದನ್ನು 'ಮಣ್ಣು ಮಾಡುವುದು' ಎನ್ನುತ್ತಿದ್ದೆವು.

ರಂಜಾನಿನಲ್ಲಿ ಫಜೀತಿ. ಸಂಜೆಯ ತಟ್ಟೆ ಮಣ್ಣಾಗುವುದೂ ಉಪವಾಸ ಬಿಡಲು ಸೂರ್ಯಾಸ್ತಕ್ಕೆ ಫಿರಂಗಿ ಹಾರುವುದೂ ಒಂದೇ ಹೊತ್ತಿಗೆ. ಅದಕ್ಕೆ ಮುಂಚಿನ ಕೊನೆಯ ಬಸ್ಸು ತಪ್ಪಿದರೆ ಬೀದಿಯಲ್ಲಿ ದಾರಿ ಕೇಳಲು ಬೆಕ್ಕೂ ಸಿಗುವುದಿಲ್ಲ. ಫಾತೆನ್ ಎಣ್ಣೆಯಲ್ಲಿ ಕರಿಯುವ ಬ್ರಿಕ್ ಎಂಬ ಮೊಟ್ಟೆಯ ಕಡುಬಂತೂ, ಕಚ್ಚಿದರೆ ಒಳಗಿನ ಮೊಟ್ಟೆ ಗಲ್ಲಕ್ಕೆ ಇಳಿಯಬೇಕು, ಬಾಣಲೆಯಿಂದ ಎತ್ತಿದಾಗಲೇ ತಿನ್ನಬೇಕು. ಲಸ್ಸಾದ್ ಸಂಜೆಯ ತಟ್ಟೆಗಳನ್ನು ಮಣ್ಣು ಮಾಡುವುದನ್ನೇ ಬಿಟ್ಟ. ತಿಂಗಳ ಮೊದಲ ದಿನ ಸಿಕ್ಕಿದ್ದ ತುದಿಗಳನ್ನೇ ಸಂಜೆಯವಕ್ಕೆಲ್ಲ ಅಂಟಿಸಿ ಬಸ್ಸಿಗೆ ಓಡುತ್ತಿದ್ದ.

"ಮುಗೀತೇನೋ ಮಗಾ?" ಎಂದು ನಮ್ಮ ಮುಖ್ಯಸ್ಥೆ ಮೇಡಂ ರಫೀಕಾ ಕೇಳುವರು.

"ಎಲ್ಲಾ ಮಣ್ಣಾಯ್ತು ಮೇಡಂ."

ತಿಂಗಳ ಕೊನೆಗೆ ಅಂಕಿ ನೋಡಿದ ಮೇಡಂ ಚಾವಣಿ ಮುಟ್ಟುವಂತೆ ಹಾರಿದರು. ಬೆಳಗಿನ ಕೋಶಗಳು ತಣ್ಣಗಿವೆ, ಸಂಜೆಯವುಗಳಲ್ಲಿ ಕ್ಯಾಲ್ಸಿಯಂ ದುಪ್ಪಟ್ಟು! "ತಟ್ಟೇಲಿರೋ ಕೋಶಕ್ಕೂ ಹೊತ್ತು ಮುಳುಗೋದು ಗೊತ್ತಾಗುತ್ತೆ ಕಣ್ರೋ!" ಕಾವಲುಗಾರ, "ಹಾಗಿದ್ರೆ ಅವಕ್ಕೂ ಒಂದೊಂದು ಖರ್ಜೂರ ಇಡ್ರಪ್ಪ, ಪಾಪ" ಎಂದ. ಈದ್ ಮುಗಿದ ವಾರ ವಿಜ್ಞಾನಿಗಳ ದೊಡ್ಡ ಸಭೆ. ನಿವೃತ್ತಿಗೆ ಮುಂಚಿನ ಕೊನೆಯ ಭಾಷಣದಲ್ಲಿ ಮೇಡಂ ಇದನ್ನೇ ಸಾರುವವರಿದ್ದರು.

ಆ ಸಂಭ್ರಮದಲ್ಲೇ ನಾನು ಲಸ್ಸಾದನಿಗೆ ಅಂದೆ: "ಮೈಕ್ರೋಸ್ಕೋಪಿನ ಹೊಸ ದೀಪ ಹೇಗಿದೆಯೋ? ರಂಜಾನಿನ ಮೊದಲ ವಾರ ಕಳೆದ ಮೇಲೆ ಹಾಕಿದ್ದು. ಸೂರ್ಯನೇ ನಾಚಬೇಕು!"

"ಯಾವ ದೀಪ, ಕಾಕಾ?"

"ಬೋರ್ಡ್ ಮೇಲೆ ಬರೆದಿದ್ದೆನಲ್ಲೋ. ಉಪವಾಸದ ತಿಂಗಳಲ್ಲಿ ಬೋರ್ಡ್ ಯಾರು ಓದ್ತೀರಿ?"

ಅವನ ಮುಖದಿಂದ ರಕ್ತವೆಲ್ಲ ಇಳಿದು ಚಪ್ಪಲಿ ಸೇರಿತು. ಕೋಶಗಳು ಯಾವ ಸೂರ್ಯಾಸ್ತಕ್ಕೂ ಕಾದಿರಲಿಲ್ಲ. ಬೆಳಗಿನ ತಟ್ಟೆಗಳಿಗೆ ಅವುಗಳದೇ ತುದಿಗಳಿದ್ದವು; ಸಂಜೆ ಮಾತ್ರ ಹೊಸ ದೀಪದ ಹೊಳಪನ್ನು ಹಳೆ ದೀಪದ ತುದಿಗಳಲ್ಲಿ ಅಳೆದಿದ್ದ, ಅಷ್ಟೆ. ಸುಮ್ಮನಿದ್ದರೆ ಪರದೇಶದ ಪಂಡಿತರೆದುರು ಮೇಡಂ ನಗೆಪಾಟಲು.

ಈದಿನ ಬೆಳಿಗ್ಗೆ ನಮ್ಮಲ್ಲಿ ಮನೆಮನೆಗೆ ಹೋಗಿ ಎಲ್ಲರೂ ಎಲ್ಲರನ್ನೂ ಕ್ಷಮೆ ಕೇಳುವುದುಂಟು. ಯಾತಕ್ಕೆಂದು ಯಾರೂ ಕೇಳುವುದಿಲ್ಲ. ಲಸ್ಸಾದ್ ನನ್ನ ಜೊತೆ ಮೇಡಂ ಮನೆಗೆ ಬಂದು, ಗುಂಪಿನಲ್ಲಿ ನುಸುಳಿ, "ಕ್ಷಮಿಸಿಬಿಡಿ ಮೇಡಂ" ಎಂದ.

"ಕ್ಷಮಿಸಿದೆ ಮಗಾ, ನೀನೂ ಕ್ಷಮಿಸು. ಬಕ್ಲಾವಾ ತಗೋ."

ಹೊರಗಿನ ಮೆಟ್ಟಿಲ ಮೇಲೆ ನಿಂತು ಆ ಸಿಹಿತುಂಡು ನುಂಗಿದ. ಆ ಕತ್ತಿನಲ್ಲಿ ಅದಕ್ಕೆ ಇಳಿಯುವ ದಾರಿಯೂ ಬಹಳ ಉದ್ದ.

"ಕ್ಷಮೆ ಸಿಕ್ತಲ್ಲಪ್ಪ" ಅಂದೆ.

"ಸಿಕ್ಕಿಲ್ಲ ಕಾಕಾ, ಅವರ ಜೇಬಿಂದ ಎಗರಿಸ್ಕೊಂಡು ಬಂದಿದೀನಿ."

ಮತ್ತೆ ಒಳಗೆ ಹೋದ. ಮೇಡಂ ತಂಗಿಯರು, ನೆರೆಹೊರೆಯವರು, ಎಲ್ಲರೆದುರು ತಟ್ಟೆ, ದೀಪ, ಬಸ್ಸು, ಬ್ರಿಕ್ ಎಲ್ಲವನ್ನೂ ಹೇಳಿದ. ಮೇಡಂ ಚಹಾದ ಲೋಟದೊಳಗಿನ ಪುದೀನ ಎತ್ತಿ ಬಸಿಗೆ ಹಾಕಿದರು.

"ಬ್ರಿಕ್ ಚೆನ್ನಾಗಿತ್ತೇನು?" ಎಂದರು.

"ಬಿಸಿಬಿಸಿಯಾಗಿತ್ತು ಮೇಡಂ."

"ಕ್ಷಮಿಸ್ತೀನಿ. ಆಗಿನಷ್ಟು ಸುಲಭಕ್ಕಲ್ಲ, ಸ್ವಲ್ಪ ದಿನ ಬೇಕು. ಹೋಗು."

ಭಾಷಣ ರದ್ದಾಯಿತು. ಮೇಡಂ ಸದ್ದಿಲ್ಲದೆ ನಿವೃತ್ತರಾದರು. ಲಸ್ಸಾದನಿಗೆ ಶಿಕ್ಷೆ ಏನೂ ಆಗಲಿಲ್ಲ. ಆಗಿದ್ದರೆ ಹಗುರವಾಗುತ್ತಿದ್ದನೋ ಏನೋ.

ಈಗಲೂ ರಂಜಾನಿನಲ್ಲಿ ಫಿರಂಗಿ ಹಾರುವಾಗ ಅವನು ತಟ್ಟೆ ಮಣ್ಣು ಮಾಡುತ್ತಿರುತ್ತಾನೆ. ಆಮೇಲೆ ಪಡಸಾಲೆಗೆ ಬಂದು ಖರ್ಜೂರ ಬಾಯಿಗಿಟ್ಟು, ಡಬ್ಬಿಯಿಂದ ಫಾತೆನಳ ಬ್ರಿಕ್ ತೆಗೆಯುತ್ತಾನೆ. ತಣ್ಣಗಾಗಿ, ಮೊಟ್ಟೆ ಕಲ್ಲಾಗಿರುತ್ತದೆ.

"ಬಿಸಿ ಮಾಡಿಕೊಡ್ಲೇನೋ?" ಎನ್ನುತ್ತೇನೆ.

"ಇರಲಿ ಕಾಕಾ" ಎಂದು ತಲೆ ತಗ್ಗಿಸುತ್ತಾನೆ. ಅಷ್ಟುದ್ದದ ಕತ್ತು ಆಗ ಅಂಗಿಯೊಳಗೆಲ್ಲೋ ಮಾಯ.